ಕೂರಲಾರದವಳ ವಂದನೆ

ಮೊದಲು ನಡುಗಿದ್ದು ಮೇಣದಬತ್ತಿಯ ಜ್ವಾಲೆಯೋ ನನ್ನ ಕೈಯೋ, ಈಗ ಖಚಿತವಾಗಿ ಹೇಳಲಾರೆ. ಜ್ವಾಲೆಯೇ ಎಂದುಕೊಂಡು ಎದ್ದುಹೋಗಿ ಫ್ಯಾನ್ ಆರಿಸಿದ್ದು ಮಾತ್ರ ನೆನಪಿದೆ. ಮಾನ್ವಿಯಲ್ಲಿ ಬೇಸಿಗೆಯ ಸಂಜೆ ಫ್ಯಾನ್ ಆರಿಸುವುದೆಂದರೆ ಮನೆಯವರ ಮೇಲೆ ಯಾವುದೋ ಸಿಟ್ಟು ತೀರಿಸಿಕೊಂಡ ಹಾಗೆ.

"ಯಾಕಬೇ ಸುಜಾತಾ, ಕರೆಂಟ್ ಹೋತೇನು?" ಎಂದಳು ಅವ್ವ.

"ಇಲ್ಲ ಯವ್ವಾ, ದೀಪ ಆರತದ."

ಫ್ಯಾನ್ ನಿಂತಿತು. ಕಿಟಕಿಯನ್ನೂ ಮುಚ್ಚಿದೆ. ಬೆನ್ನ ಮೇಲೆ ಬೆವರು ಇಳಿಯತೊಡಗಿತು. ಜ್ವಾಲೆ ನಡುಗುತ್ತಲೇ ಇತ್ತು.

ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ. ಆ ಸಂಜೆಯ ಪುಟದಲ್ಲಿ ಕೈಯ ಬಗ್ಗೆ ಒಂದು ಅಕ್ಷರವೂ ಇಲ್ಲ. "ಇವತ್ತೂ ಮನಸ್ಸು ನಿಲ್ಲಲಿಲ್ಲ" ಎಂದು ಬರೆದು ಮುಗಿಸಿದ್ದೇನೆ. ನಾನು ಗಮನಿಸದೇ ಹೋದದ್ದನ್ನು ನನ್ನ ದಿನಚರಿಯೂ ಗಮನಿಸಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಸ್ವಲ್ಪ ನೆನಪು, ಸ್ವಲ್ಪ ಅವ್ವ ಹೇಳಿದ್ದು, ಸ್ವಲ್ಪ ನಾನು ಆಮೇಲೆ ಜೋಡಿಸಿಕೊಂಡದ್ದು ಇರಬಹುದು. ಕೂತಲ್ಲಿ ಕೂರಲಾಗದೆ ತಮ್ಮನ್ನೇ ಬೈದುಕೊಳ್ಳುತ್ತಿರುವ ಯಾರಾದರೂ ಇದನ್ನು ಓದಿ, ಬೈಯುವುದನ್ನು ಒಂದು ದಿನ ಮುಂದೂಡಿದರೆ ನನಗೆ ಅಷ್ಟೇ ಸಾಕು.

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತು ಎಂದರೆ ವಂದನೆಯ ಹೊತ್ತು. ಅದನ್ನು ಶುರು ಮಾಡಿದವನು ಅಪ್ಪ. ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಓಣಿಯ ಕೆಲವರ ಜೊತೆ ಬೌದ್ಧನಾದ. ಅದರ ಮರುದಿನವೇ ಮನೆಯಲ್ಲಿದ್ದ, ಎಲ್ಲಮ್ಮದೇವಿಯ ಮೂರ್ತಿಯಿಟ್ಟ ಬುಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಅರಕೇರಾದಲ್ಲಿದ್ದ ತನ್ನ ತಂಗಿ ದುರಗವ್ವನ ಮನೆಗೆ ಒಯ್ದು ಕೊಟ್ಟುಬಂದ. ಒಡೆಯಲಿಲ್ಲ, ಹೊಳೆಗೆ ಬಿಡಲಿಲ್ಲ. "ನಿನಗ ಬೇಕಂದ್ರ ಇಟ್ಕೊ, ನನ್ನ ಮಗಳಿರೂ ಮನ್ಯಾಗ ಬ್ಯಾಡ" ಎಂದನಂತೆ. ಅಪ್ಪನ ಅಕ್ಕನೊಬ್ಬಳಿಗೆ ಚಿಕ್ಕವಳಿದ್ದಾಗ ದೇವಿಯ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ನಮ್ಮಂಥ ಮನೆಗಳಲ್ಲಿ 'ದೇವಿ ಕರೆದಳು' ಎಂಬ ಮಾತಿನ ಮುಂದಿನ ದಾರಿ ಎಲ್ಲಿಗೆ ಹೋಗುತ್ತದೆಂದು ಅಪ್ಪ ಕಣ್ಣಾರೆ ಕಂಡಿದ್ದ.

ಅಂದಿನಿಂದ ಅಪ್ಪ ದಿನಾ ಸಂಜೆ ಗಿರಣಿಯಿಂದ ಬಂದು, ಮೈ ತೊಳೆದು, ಬಿಳಿ ಅಂಗಿ ಹಾಕಿಕೊಂಡು, ಗೋಡೆಯ ಮೇಲಿನ ನೀಲಿ ಕೋಟಿನ ಫೋಟೋದ ಕೆಳಗೆ, ಸಣ್ಣ ಬುದ್ಧನ ಮೂರ್ತಿಯ ಎದುರು ಕಾಲು ಮಡಚಿ ಕೂರುತ್ತಿದ್ದ. ಅವನ ಭುಜಕ್ಕೆ ಭುಜ ತಾಗಿಸಿ ಅವ್ವ ಕೂರುತ್ತಿದ್ದಳು. ನನ್ನ ನೆನಪಿನಲ್ಲಿ ಅಪ್ಪ ಅಲ್ಲಾಡುವುದೇ ಇಲ್ಲ. ಒಮ್ಮೆ ಅವನ ಕೆನ್ನೆಯ ಮೇಲೆ ನೊಣ ಕೂತು ಮೂಗಿನವರೆಗೆ ನಡೆದುಹೋಯಿತು, ಅಪ್ಪ ರೆಪ್ಪೆಯನ್ನೂ ಮಿಸುಕಿಸಲಿಲ್ಲ. ಆ ನೊಣವನ್ನು ನಾನು ಎಷ್ಟು ಜನರಿಗೆ ವರ್ಣಿಸಿದ್ದೇನೋ! ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಬೌದ್ಧ ಧರ್ಮದ ಪಾಠ ಮಾಡುವಾಗ ಪ್ರತಿ ವರ್ಷವೂ ಆ ನೊಣ ಬಂದು ಕೂರುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನಲ್ಲಿ ಕೇಳಿದ್ದು ಒಂದೇ. "ಆ ಹೊತ್ತು ತಪ್ಪಿಸಬ್ಯಾಡಬೇ. ನನಗ ಅರ್ಧನೇ ಬರತದ, ನೀ ಮುಂದ ಹೇಳು, ನಾ ಹಿಂದ ಹೇಳತೀನಿ."

ಸುಲಭ ಎಂದುಕೊಂಡೆ. ನಾನು ದೇವದುರ್ಗದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮದುವೆಯಾಗಿಲ್ಲ, ಮನೆಯಲ್ಲಿ ಇಬ್ಬರೇ. ಆದರೆ ಸಿರವಾರದಲ್ಲಿ ಬಸ್ ಬದಲಿಸಿ ಬರುವಷ್ಟರಲ್ಲಿ ಓಣಿಯ ದೀಪಗಳೆಲ್ಲ ಹತ್ತಿಕೊಂಡಿರುತ್ತಿದ್ದವು. ಪರೀಕ್ಷೆ ಕೆಲಸ, ಅಡ್ಮಿಷನ್ ಕೆಲಸ, ಮೀಟಿಂಗು. ದಾರಿಯಲ್ಲಿರುವಾಗಲೇ ಕಾಲೇಜಿನಿಂದ ಫೋನು: ಆ ಫೈಲು ಎಲ್ಲಿದೆ ಮೇಡಂ, ಈ ಪಟ್ಟಿ ಕಳಿಸಿ ಮೇಡಂ. ಅವ್ವ ಬತ್ತಿ ಹಿಡಿದು ಕಾಯುತ್ತಿದ್ದಳು. ನಾನು ಚಪ್ಪಲಿ ಬಿಟ್ಟವಳೇ ಮೂರು ಶರಣ, ಐದು ಶೀಲ ಓಡಿಸಿಕೊಂಡು ಹೋಗಿ ಕೊನೆಯ ಸಾಧು ಅಂದುಬಿಡುತ್ತಿದ್ದೆ. ಹೀಗೆ ಬಹಳ ದಿನ ನಡೆದ ಮೇಲೆ ನನಗೇ ಬೇಸರವಾಗಿ ಸಂಜೆಯ ಹೆಚ್ಚುವರಿ ಕೆಲಸಗಳನ್ನು ಬಿಟ್ಟೆ. ಮುಂಚಿನ ಬಸ್ ಹಿಡಿಯತೊಡಗಿದೆ. ಫೋನನ್ನು ಜೋಳದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದೆ. ಕೊನೆಗೂ ಒಂದು ಹೊತ್ತು ಸಿಕ್ಕಿತು.

ಹೊತ್ತು ಸಿಕ್ಕಿತು, ಕೂರಲು ಆಗಲಿಲ್ಲ.

ಕಾಲು ಮಡಚಿದರೆ ತೊಡೆ ತಂತಾನೇ ಕುಣಿಯುತ್ತಿತ್ತು. ಎದೆ, ಬಸ್ಸಿನ ಹಿಂದೆ ಓಡಿಬಂದವಳ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಕಣ್ಣು ಮುಚ್ಚಿದರೆ ಒಳಗೆ ಸಂತೆ. ಏನೋ ಮರೆತಿದ್ದೇನೆ, ಎಲ್ಲಿಗೋ ಹೋಗಬೇಕು, ಯಾರೋ ಕಾಯುತ್ತಿದ್ದಾರೆ ಎಂಬ ಅವಸರ. ಎದ್ದು ಅಡುಗೆಮನೆಗೆ ಹೋಗಿ ನೋಡಿದರೆ ಅಲ್ಲಿ ಏನೂ ಇಲ್ಲ, ಯಾರೂ ಇಲ್ಲ. ಮತ್ತೆ ಬಂದು ಕೂರುತ್ತಿದ್ದೆ. ಅಪ್ಪನ ಕೆನ್ನೆಯ ನೊಣ ನೆನಪಾಗುತ್ತಿತ್ತು.

ಈಗ ಯೋಚಿಸಿದರೆ ಎಲ್ಲ ಸೂಚನೆಗಳೂ ಕಣ್ಣೆದುರೇ ಇದ್ದವು. ಮೈಯೆಲ್ಲ ಬೆವರುತ್ತಿತ್ತು. ಆದರೆ ರಾಯಚೂರು ಸೀಮೆಯಲ್ಲಿ ಬೆವರುವುದನ್ನು ಯಾರು ರೋಗ ಅನ್ನುತ್ತಾರೆ? ಹಸಿವು ವಿಪರೀತ. ಪುಂಡಿಪಲ್ಯದ ಜೊತೆ ರೊಟ್ಟಿ ಮೇಲೆ ರೊಟ್ಟಿ ತಿಂದು ಏಳುವಷ್ಟರಲ್ಲಿ ಮತ್ತೆ ಹಸಿವು. ಅವ್ವನಿಗೆ ಖುಷಿ. ಆದರೂ ಮೈ ಇಳಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹೊಟ್ಟೆಕಿಚ್ಚು ಪಟ್ಟರು. "ಯಾವ ಡಯಟ್ ಮಾಡಾಕತ್ತೀರಿ ಮೇಡಂ, ನಮಗೂ ಹೇಳ್ರಿ." ಬೋರ್ಡಿನ ಮೇಲೆ ಬರೆಯುವಾಗ ಚಾಕ್‌ಪೀಸು ಮುರಿಯುತ್ತಿತ್ತು. ಕವಿತಾಳದ ಕಡೆಯ ಒಬ್ಬ ವಿದ್ಯಾರ್ಥಿನಿ, ನಗಿಸಿ ಕೊಲ್ಲುವ ಹುಡುಗಿ, ಎದ್ದು ನಿಂತು "ಮೇಡಂ, ಅಶೋಕನ ಶಾಸನ ಓದಬೋದ್ರಿ, ನಿಮ್ಮ ಅಕ್ಷರ ಓದಾಕ ಆಗವಲ್ದರಿ" ಅಂದಳು. ಕ್ಲಾಸೆಲ್ಲ ನಕ್ಕಿತು. ನಾನು ಅವಳ ಮೇಲೆ ಕಿರುಚಿದೆ. ಹಾಗೆ ಕಿರುಚುವವಳಲ್ಲ ನಾನು. ಅಲ್ಲವೆಂದು ನಂಬಿದ್ದೆ.

ದೇವದುರ್ಗದಲ್ಲಿ ಒಬ್ಬ ವೈದ್ಯರ ಬಳಿ ಹೋದೆ. ಎದೆ ಬಡಿತದ ಬಗ್ಗೆ ಹೇಳಿದೆ. ಅವರು ಪ್ರೀತಿಯಿಂದಲೇ ಕೇಳಿಸಿಕೊಂಡು, "ಟೆನ್ಶನ್ ಮೇಡಂ. ತಂದೆಯವರು ಬ್ಯಾರೆ ಹೋಗ್ಯಾರ. ಏನಿಲ್ಲ, ದಿನಾ ಸಂಜಿಗಿ ಒಂದೀಟು ಹೊತ್ತು ಕುಂತು ಪ್ರಾರ್ಥನಾ ಮಾಡ್ರಿ, ಸರಿಹೋಗತದ" ಎಂದರು.

ಅದನ್ನೇ ತಾನೇ ಮಾಡಲಾಗದೆ ನಾನು ಅವರ ಬಳಿ ಹೋಗಿದ್ದು! ಆದರೂ ವಿಧೇಯಳಾಗಿ ಮನೆಗೆ ಬಂದು ಕೂರುವ ಹೊತ್ತನ್ನು ಇನ್ನಷ್ಟು ಹೆಚ್ಚಿಸಿದೆ. ಮುಂಜಾನೆಯೂ ಕೂತೆ. ಕೂತಷ್ಟೂ ಸೋತೆ. ಸೋತಷ್ಟೂ ನನ್ನ ಒಳಗೇ ಏನೋ ಕೆಟ್ಟದ್ದಿದೆ ಎಂದು ಗಟ್ಟಿಯಾಗುತ್ತ ಹೋಯಿತು. ಓದಿದವಳ ಮೂಢನಂಬಿಕೆ ಅಂದರೆ ಇದೇ ಇರಬೇಕು. ದೆವ್ವ, ದೇವಿ ಎಂದರೆ ನಗುತ್ತಿದ್ದವಳು 'ನನ್ನ ಮನಸ್ಸೇ ಸರಿಯಿಲ್ಲ' ಎಂಬುದನ್ನು ಯಾವ ಪುರಾವೆಯೂ ಇಲ್ಲದೆ ನಂಬಿದೆ.

ಹುಣ್ಣಿಮೆಯ ದಿನ ಓಣಿಯ ಕೆಲವು ಹೆಂಗಸರು ನಮ್ಮ ಮನೆಗೆ ವಂದನೆಗೆ ಬರುವ ರೂಢಿ. ಆ ಸಲ ಅರಕೇರಾದಿಂದ ದುರಗವ್ವತ್ತಿಯೂ ಬಂದಿದ್ದಳು. ಅವಳು ಬೌದ್ಧಳಲ್ಲ, ಆದರೆ ಅಣ್ಣನ ಮನೆಯ ಪೂಜೆ ಅಂದರೆ ಬಿಡುವವಳೂ ಅಲ್ಲ. ಹಿಂದೆ ಗೋಡೆಗೆ ಆತು, ಎಲೆ ಅಡಿಕೆ ಅಗಿಯುತ್ತ ಕೂತಿದ್ದಳು. ನಾನು ಬಿಳಿ ಸೀರೆ ಉಟ್ಟು, ಹಚ್ಚಿದ ಬತ್ತಿಯನ್ನು ಕೈಯಲ್ಲಿ ಹಿಡಿದು ನಿಂತು ಶರಣ ಹೇಳತೊಡಗಿದೆ. ಕೈ ನಡುಗಿತು. ಬಿಸಿ ಮೇಣ ಬೆರಳ ಮೇಲೆ ಬಿತ್ತು. ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಆ ಕೈಯೂ ನಡುಗಿತು. ಆಮೇಲೆ ಮೊಳಕಾಲು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ದೀಪದ ಬೆಳಕು ಬುದ್ಧನ ಮುಖದ ಮೇಲೆಲ್ಲ ಕುಣಿಯುತ್ತಿತ್ತು.

"ಉಧೋ!" ಎಂದಳು ಅತ್ತಿ.

ಎಲ್ಲಮ್ಮನನ್ನು ಕರೆಯುವ ಕೂಗು ಅದು, ಇಲ್ಲಿ ಯಾಕೆಂದು ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅವಳು ಎದ್ದು ಬಂದು ನನ್ನ ಕಾಲಿಗೆ ಬಿದ್ದಳು. "ಉಧೋ ಉಧೋ! ಬಂದೇನವ್ವಾ ನನ್ನ ತಾಯಿ, ಅಣ್ಣನ ಮನಿ ಈಗ ನೆಪ್ಪಾತೇನು? ವೈನಿ, ಅರಿಷಿಣ ತರ್ರಿ, ಅರಿಷಿಣ!"

"ಅತ್ತಿ, ಏಳು. ನನಗೇನೂ ಬಂದಿಲ್ಲ."

"ನೀ ಅಲ್ಲ ಮಾತಾಡೂದು, ಅಕಿ."

"ನಾನ ಮಾತಾಡಾಕತ್ತೀನಿ! ನಾ ನಡುಗಾಕತ್ತಿಲ್ಲ!" ಎಂದು ಕೂಗಿದೆ. ಹಾಗೆ ಕೂಗುವಾಗ ನಾನು ಹಲ್ಲು ಕಟಕಟಿಸುವಷ್ಟು ನಡುಗುತ್ತಿದ್ದೆ.

ಹೆಂಗಸರಲ್ಲಿ ಇಬ್ಬರು ಕೈ ಮುಗಿದದ್ದನ್ನು ಕಂಡೆ. ಇಬ್ಬರೋ ಒಬ್ಬಳೋ. ಅವ್ವನ ಮುಖ ಮಾತ್ರ ಸ್ಪಷ್ಟವಾಗಿ ನೆನಪಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನೀಲಿ ಕೋಟಿನ ಫೋಟೋದ ಪಕ್ಕದಲ್ಲಿದ್ದ ಅಪ್ಪನ ಫೋಟೋ ನೋಡುತ್ತಿದ್ದಳು, ಈಗೇನು ಮಾಡಲಿ ಎಂದು ಕೇಳುವಂತೆ.

ಎರಡು ದಿನ ಬಿಟ್ಟು ಅವ್ವ ಆ ಮಾತು ತೆಗೆದಳು. ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ ಹೇಳಿದಳು. "ಒಂದು ಮಂಗಳವಾರ ಅರಕೇರಾಕ್ಕ ಹೋಗಿ ಕೈ ಮುಗದು ಬರೂಣು. ಕೈ ಮುಗದ್ರ ಏನು ಸವೀತದ?"

"ಅಪ್ಪ ಬುಟ್ಟಿ ಕಳಿಸಿದ್ದು ಇದಕ್ಕೇನು?"

"ಅಪ್ಪ ಇಲ್ಲಲ್ಲ. ನೀ ಇದ್ದಿ. ನೀ ಇರಬೇಕಲ್ಲ ನನಗ."

 ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ರಾಯಚೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸುವುದು. ಅವರೂ ಏನಿಲ್ಲ ಎಂದರೆ ನಾನು ಬಾಯಿ ಮುಚ್ಚಿಕೊಂಡು ಅರಕೇರಾಕ್ಕೆ ನಡೆಯುವುದು. ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಒಮ್ಮೆ ಹೋದರೆ ಬುಟ್ಟಿ ವಾಪಸ್ಸು ಬರುತ್ತದೆ. ಬುಟ್ಟಿ ಬಂದರೆ ಅಪ್ಪನ ಹೊತ್ತು ಮುಗಿಯುತ್ತದೆ.

ರಾಯಚೂರಿನ ಆ ಆಸ್ಪತ್ರೆಯ ಡಾಕ್ಟರು ವಯಸ್ಸಾದ ಹೆಂಗಸು. ಎರಡೂ ಕೈ ಮುಂದೆ ಚಾಚಿ ಬೆರಳು ಬಿಡಿಸಲು ಹೇಳಿ, ಅದರ ಮೇಲೆ ಒಂದು ತೆಳು ಹಾಳೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕಂತೆ ಪಟಪಟ ಅಂದಿತು. ನನಗೆ ನಾಚಿಕೆಯಾಯಿತು. ನೀರು ಕುಡಿಸಿ ಗಂಟಲನ್ನು ನೋಡಿದರು, ಕಣ್ಣು ನೋಡಿದರು, ನಾಡಿ ಹಿಡಿದು ಎಣಿಸಿದರು.  ರಕ್ತ ಕೊಟ್ಟು ಸಂಜೆ ರಿಪೋರ್ಟ್ ತರಲು ಹೇಳಿದರು.

ಆ ಮಧ್ಯಾಹ್ನವನ್ನು ನಾವು ಕಾಯುವ ಕೋಣೆಯಲ್ಲಿ ಕಳೆದೆವು. ಅವ್ವ ಕಬ್ಬಿಣದ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತಳು. ನಾನು ಕೂರಲಾರದೆ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದೆ. ನರ್ಸು ಬೈದಳು. "ಒಂದು ಕಡಿ ಕೂಡ್ರಿ ಮೇಡಂ, ಈಗರ ನೆಲ ಒರಸ್ಯಾರ." ಅವ್ವನ ಪಕ್ಕ ಗುಂಜಹಳ್ಳಿಯ ಹೆಂಗಸೊಬ್ಬಳು, ಗಂಡನ ರಿಪೋರ್ಟಿಗೆ ಕಾಯುತ್ತ ಮಂಡಾಳು ತಿನ್ನುತ್ತಿದ್ದಳು. ಅವ್ವನ ಕೈಗೂ ಒಂದು ಹಿಡಿ ಹಾಕಿದಳು.

"ನಿಮ್ಮ ಮಗಳಿಗೇನಾಗೇದ್ರೀ?"

"ಅದನ್ನ ಕೇಳಾಕ ಬಂದೀವ್ರಿ."

"ಏನೂ ಇಲ್ಲ ಅಂತಾರ ಬಿಡ್ರಿ. ನಾನೂ ಅದನ್ನ ಬೇಡಕೊಳ್ಳಾಕತ್ತೀನಿ. ಏನೂ ಇಲ್ಲ ಅನ್ಲಪ್ಪಾ ದೇವರ ಅಂತ."

ಅವ್ವ ತಲೆಯಾಡಿಸಿದಳು. ಆ ಕೋಣೆಯಲ್ಲಿದ್ದ ಎಲ್ಲರೂ ಅದನ್ನೇ ಬೇಡುತ್ತಿದ್ದಿರಬೇಕು. ನಾನೊಬ್ಬಳೇ ಉಲ್ಟಾ ಬೇಡುತ್ತಿದ್ದೆ. ಏನಾದರೂ ಇರಲಿ. ಒಂದು ಹೆಸರಿರುವ, ಮಾತ್ರೆ ಇರುವ ರೋಗ ನನ್ನೊಳಗೆ ಇರಲಿ. ಅಷ್ಟು ದಿನ ಕೂತು ಕೂತು ಬಾರದ ಪ್ರಾರ್ಥನೆ, ಫಿನಾಯಿಲ್ ವಾಸನೆಯ ಒದ್ದೆ ನೆಲದ ಮೇಲೆ ನಡೆಯುತ್ತಿದ್ದಾಗ ಬಂದಿತು, ಅದೂ ರೋಗ ಕೊಡು ಎಂದು! ಯಾರಿಗೆ ಬೇಡುತ್ತಿದ್ದೆನೋ ತಿಳಿಯದು. ಬುದ್ಧನಲ್ಲಿ ಏನನ್ನೂ ಕೇಳುವ ಹಾಗಿಲ್ಲ. "ಅವನು ಕೊಡವನಲ್ಲ, ತೋರಸವನು" ಎಂದು ಅಪ್ಪನೇ ಹೇಳಿಕೊಟ್ಟಿದ್ದ. ಆದರೂ ಬೇಡಿದೆ. ಅಷ್ಟು ಏಕಚಿತ್ತದಿಂದ ನಾನು ಹಿಂದೆಂದೂ ಏನನ್ನೂ ಬೇಡಿರಲಿಲ್ಲ. ಅದನ್ನು ಪ್ರಾರ್ಥನೆ ಅನ್ನಬಹುದೋ, ಬರೀ ಭಯ ಅನ್ನಬೇಕೋ, ಇವತ್ತಿಗೂ ಗೊತ್ತಿಲ್ಲ.

ಸಂಜೆ ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಥೈರಾಯ್ಡ್. ಅತಿಯಾಗಿ ಕೆಲಸ ಮಾಡ್ತಾ ಇದೆ. ನಡುಕ, ಬೆವರು, ಎದೆ ಬಡಿತ, ಸಿಟ್ಟು, ಎಲ್ಲ ಅದರದ್ದೇ. ಇಷ್ಟು ದಿನ ಹೇಗೆ ತಡಕೊಂಡ್ರಿ?"

ನನಗಿಂತ ಮೊದಲು ಅವ್ವ ಬಾಯಿ ಬಿಟ್ಟಳು. "ಅಂದ್ರ ಅಕಿ ಬಂದಿಲ್ಲೇನ್ರೀ?"

"ಯಾರು ಬಂದಿಲ್ಲ?" ಡಾಕ್ಟರು ಬಾಗಿಲ ಕಡೆ ನೋಡಿದರು, ಇನ್ನೊಬ್ಬ ಪೇಷೆಂಟ್ ಇದ್ದಾಳೇನೋ ಎಂಬಂತೆ.

"ಏನಿಲ್ರೀ" ಎಂದೆ. ನಗು ಬಂತು. ನಗುತ್ತಲೇ ಅಳು ಬಂತು. ಡಾಕ್ಟರು ನೀರಿನ ಬಾಟಲಿ ಮುಂದೆ ಸರಿಸಿ, "ಇದೂ ಅದರದ್ದೇ" ಎಂದರು. ನಾನು ಕೇಳಿದೆ: ಕೂರಲು ಆಗುವುದಿಲ್ಲ, ಅದೂ ಇದರದ್ದೇ? "ಹೌದಮ್ಮ. ಎಂಜಿನ್ ಬಿಸಿಯಾಗಿ ಓಡ್ತಿರುವಾಗ ಸುಮ್ಮನೆ ನಿಲ್ಲು ಅಂದ್ರೆ ಹೇಗೆ ನಿಲ್ಲುತ್ತೆ? ಬೈಕೋಬೇಡಿ."

ಮಾನ್ವಿಯ ಬಸ್ಸಿನಲ್ಲಿ ಅವ್ವ ನನ್ನ ಪಕ್ಕ ಕೂತಳು. ಆಮೇಲೆ ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು ನೋಡಿದಳು. "ಇಲ್ಲಿತ್ತೇನಬೇ ಅದು. ನಾ ಎಲ್ಲೆಲ್ಲೋ ಹುಡುಕಿದೆ."

ಹೆಸರು ಸಿಕ್ಕಿತು ಎಂದರೆ ಗುಣವಾಯಿತು ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಮಾತ್ರೆ ಮೈಗೆ ಹತ್ತಲು ವಾರಗಳು ಬೇಕಾದವು. ಎದೆ ಮೊದಲು ಸುಮ್ಮನಾಯಿತು, ಕೈ ಆಮೇಲೆ. ಕಾಲಿನ ಕುಣಿತ, ತಲೆಯೊಳಗಿನ ಅವಸರ ಮಾತ್ರ ಬಾಡಿಗೆ ಮನೆ ಬಿಡದವರ ಹಾಗೆ ಉಳಿದುಕೊಂಡವು. ಅದರ ನಡುವೆ ಒಂದು ಹೆದರಿಕೆ. ಈ ಮಾತ್ರೆ ತಿನ್ನುವಾಗ ಜ್ವರ, ಗಂಟಲು ನೋವು ಬಂದರೆ ತಡಮಾಡದೆ ಬರಬೇಕೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ರಕ್ತದಲ್ಲಿ ಏನೋ ಕಡಿಮೆಯಾಗಿಬಿಡುವ ಅಪಾಯವಂತೆ. ಒಂದು ಮುಂಜಾನೆ ಗಂಟಲು ಕೆರೆಯಿತು, ಮೈ ಬಿಸಿಯಾಯಿತು. ಮೊದಲ ಬಸ್ಸಿಗೇ ರಾಯಚೂರಿಗೆ ಓಡಿದೆವು. ಮತ್ತದೇ ಕೋಣೆ, ಅದೇ ಕಬ್ಬಿಣದ ಕುರ್ಚಿ. ಅವ್ವನ ತುಟಿ ಅಲ್ಲಾಡುತ್ತಿತ್ತು.

"ಯಾರಿಗಿ ಬೇಡಕೊಳ್ಳಾಕತ್ತಿ?" ಎಂದೆ. ಕೇಳುವಾಗ ನನ್ನ ದನಿಯಲ್ಲಿ ಮೇಷ್ಟರಿಕೆ ಇತ್ತು.

"ಈಗ ಯಾರು ಖಾಲಿ ಇದ್ದಾರೋ ಅವರಿಗಿ" ಎಂದಳು ಅವ್ವ, ಕಣ್ಣು ತೆರೆಯದೆ.

ಬರೀ ನೆಗಡಿ ಜ್ವರ ಎಂದು ಗೊತ್ತಾಯಿತು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ತಿಂದೆವು. ಗಂಟಲು ನೋವಿನಲ್ಲಿ ಮಿರ್ಚಿ ತಿನ್ನಬಾರದು, ಗೊತ್ತು. ಅವತ್ತು ತಿಂದೆವು.

ಆ ದಿನಗಳಲ್ಲಿ ವಂದನೆಯನ್ನು ಅವ್ವನೇ ನಡೆಸುತ್ತಿದ್ದಳು. ಅಪ್ಪನ ಜಾಗದಲ್ಲಿ ಕೂತು, ಬರುವ ಅರ್ಧವನ್ನು ಹೇಳಿ, ಬಾರದ ಕಡೆ ತಡವರಿಸುತ್ತಿದ್ದಳು. ನಾನು ಹೊರಸು ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಹೊರಸಿಗೆ ನಡೆಯುತ್ತ ಮುಂದಿನ ಶಬ್ದ ಎಸೆಯುತ್ತಿದ್ದೆ. ನನಗೆ ಅದು ಅವಮಾನದಂತೆ ಕಾಣುತ್ತಿತ್ತು. ಒಂದು ಸಂಜೆ ಸಾಧು ಹೇಳಿದ ಮೇಲೆ ನಾನು ಬಾಗಿಲಿಗೆ ಒರಗಿ ನಿಂತು ಹೇಳಿದೆ. "ರೋಗ ಅಂತ ಗೊತ್ತಾತು, ಖರೆ. ಆದ್ರ ಅಪ್ಪ ಕಲ್ಲಿನಂಗ ಕೂಡತಿದ್ದ. ಮಾರಿ ಮ್ಯಾಲ ನೊಣ ಅಡ್ಡಾಡಿದ್ರೂ ಅಲಗತಿದ್ದಿಲ್ಲ. ನನಗ ಈ ಜನ್ಮಕ್ಕ ಆಗೂದಿಲ್ಲ."

ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ಭುಜ ಕುಲುಕುವಂತೆ ನಗುತ್ತಿದ್ದಳು.

"ಕಲ್ಲಿನಂಗ! ನಿದ್ದಿ ಮಾಡತಿದ್ದನಬೇ ನಿಮ್ಮಪ್ಪ!"

"ಏನಂತಿ ಯವ್ವಾ?"

"ಮುಂಜಾನಿಂದ ಚೀಲ ಹೊತ್ತ ಮನಷಾ. ಶರಣ ಮುಗಿಯೂದರಾಗ ನಿದ್ದಿ. ನೊಣ ಅಲ್ಲ, ಹಾವು ಅಡ್ಡಾಡಿದ್ರೂ ಗೊತ್ತಾಗತಿದ್ದಿಲ್ಲ. ನಾ ಯಾಕ ಅಷ್ಟು ಹತ್ತಿ ಕೂಡತಿದ್ದೆ ಅಂತಿ? ಬೀಳಬಾರದು ಅಂತ. ಸಾಧು ಅನ್ನೂ ಹೊತ್ತಿಗಿ ಮೊಳಕೈಲೆ ತಿವೀತಿದ್ದೆ. ಇಲ್ಲಂದ್ರ ನಿನ್ನ ಮುಂದ ಮಾನ ಹೋಗತಿತ್ತಲ್ಲ."

 ಅವ್ವ ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆಯೇ ಇದು? ನನ್ನ ನೆನಪನ್ನು ಕೆದಕಿದೆ. ಭುಜಕ್ಕೆ ಭುಜ ತಾಗಿಸಿದ ಅವ್ವ ಕಂಡಳು. ಮೊಳಕೈ ಕಾಣಲಿಲ್ಲ. ಅಪ್ಪನ ಆಚೆ ಬದಿಯಿಂದ ನೋಡುವ ಮಗುವಿಗೆ ನಡುವಿನ ಮೊಳಕೈ ಕಾಣುವುದಿಲ್ಲ.

"ನಿದ್ದಿ ಬಂದ್ರ ಹೊರಸಿನ ಮ್ಯಾಲ ಮಕ್ಕೋಬೋದಿತ್ತಲ್ಲ" ಎಂದೆ. ದನಿಯಲ್ಲಿ ಸಿಟ್ಟಿತ್ತು. ಇಷ್ಟು ವರ್ಷ ಪಾಠ ಮಾಡಿದ ನೊಣ ಕೈಬಿಟ್ಟು ಹಾರಿಹೋಗಿತ್ತು.

"ಹೊರಸಿನ ಮ್ಯಾಲ ಮಕ್ಕೊಂಡ್ರ ಗಿರಣಿ ಮಂದಿ ಬಂದು ಎಬ್ಬಿಸಿಕೊಂಡು ಹೋಗತಿದ್ರು. ಲಾರಿ ಬಂದದ, ಜಲ್ದಿ ಬಾ ಅಂತ. ಕೈ ತೊಳಕೊಂಡು ಉಣ್ಣಾಕ ಕುಂತಿದ್ರೂ ಬಿಡತಿದ್ದಿಲ್ಲ. ಪೂಜಿಗಿ ಕುಂತಾನ ಅಂದ್ರ ಮಾತ್ರ ಬಾಗಲದಾಗಿಂದ ಹೊಳ್ಳಿ ಹೋಗತಿದ್ರು. ದಿನದಾಗ ಅದೊಂದು ಹೊತ್ತು ಅವನ್ನ ಯಾರೂ ಕರೀತಿದ್ದಿಲ್ಲ." ಅವ್ವ ಬತ್ತಿಯ ಮೇಣವನ್ನು ಉಗುರಿನಿಂದ ಕೆರೆದಳು. "ಅದಕ್ಕ ನಿನಗ ಆ ಹೊತ್ತು ತಪ್ಪಿಸಬ್ಯಾಡ ಅಂದಿದ್ದು. ನೀ ಕೂಡು, ನಿಂದ್ರು, ನನಗ ಎಲ್ಲಾ ಒಂದ."

"ಹಂಗಾರ ಅಪ್ಪಗ ನಂಬಿಕಿ ಇದ್ದಿದ್ದಿಲ್ಲೇನು?"

"ನಂಬಿಕಿ ಇದ್ದಿದ್ದಿಲ್ಲಂದ್ರ ಅಷ್ಟು ನಿದ್ದಿ ಬರತಿತ್ತೇನಬೇ ಅವಗ?" ಎಂದಳು ಅವ್ವ. ಅದನ್ನು ತಮಾಷೆಗೆ ಹೇಳಿದಳೋ ನಿಜಕ್ಕೋ ನನಗೆ ಕೇಳುವ ಧೈರ್ಯವಾಗಲಿಲ್ಲ.

ಈಗ ರಿಪೋರ್ಟುಗಳು ಚೆನ್ನಾಗಿ ಬರುತ್ತಿವೆ. ಮಾತ್ರೆ ನಿಲ್ಲಿಸಿದರೆ ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಮೈ ಸ್ವಲ್ಪ ತುಂಬಿಕೊಂಡಿದೆ, ಸ್ಟಾಫ್ ರೂಮಿನಲ್ಲಿ ಡಯಟ್ ಬಿಟ್ಟಿರೇನ್ರಿ ಎನ್ನುತ್ತಾರೆ. ಕವಿತಾಳದ ಹುಡುಗಿಗೆ ನನ್ನ ಅಕ್ಷರ ಓದಲು ಬರುತ್ತದೆ. ನಾನು ಕ್ಷಮೆ ಕೇಳಿದಾಗ ಅವಳು "ನಾವು ಅವತ್ತ ಮರ್ತೀವ್ರಿ ಮೇಡಂ" ಎಂದಳು. ಕೆಲವು ಸಂಜೆ ಕೂರಲು ಆಗುತ್ತದೆ. ಕೆಲವು ಸಂಜೆ ಆಗುವುದಿಲ್ಲ. ಕಾಲು ಎದ್ದ ದಿನ 'ಮರಳಿ ಬಂತೇ?' ಎಂದು ಗಂಟಲು ಮುಟ್ಟಿ ನೋಡಿಕೊಳ್ಳುತ್ತೇನೆ. ರೋಗದ್ದು ಯಾವುದು, ನನ್ನದು ಯಾವುದು ಎಂದು ಬೇರ್ಪಡಿಸಲು ನನಗಿನ್ನೂ ಬಂದಿಲ್ಲ.

ಹೋದ ಹುಣ್ಣಿಮೆಗೆ ದುರಗವ್ವತ್ತಿ ಮತ್ತೆ ಬಂದಳು. ದೇವಿಗೆ ಸಿಟ್ಟು ಬಂದಿದ್ದಕ್ಕೇ ಗಂಟಲು ಕೆಟ್ಟಿತು ಎಂಬುದು ಅವಳ ಈಗಿನ ತೀರ್ಪು, ಅದನ್ನು ಯಾವ ರಿಪೋರ್ಟೂ ಅಲ್ಲಾಡಿಸಲಾರದು. ನಾನೂ ಬಿಟ್ಟುಬಿಟ್ಟಿದ್ದೇನೆ. ಈ ಸಲ ಹಚ್ಚಿದ ಬತ್ತಿಯನ್ನು ಅವಳ ಕೈಗೇ ಕೊಟ್ಟೆ. ಮುದಿ ಕೈ, ನಡುಗಿತು. ಜ್ವಾಲೆ ಬುದ್ಧನ ಮುಖದ ಮೇಲೆ ಕುಣಿಯಿತು.

"ದುರಗವ್ವ, ನಿನ್ನ ಮೈಯಾಗ ಯಾರು ಬಂದಾರ?" ಎಂದಳು ಅವ್ವ.

"ವಯಸ್ಸು ಬಂದದ ವೈನಿ, ಮತ್ತ್ಯಾರು ಬರತಾರ" ಎಂದಳು ಅತ್ತಿ. ತಾನೇ ಮೊದಲು ನಕ್ಕಳು.

ನಾನು ಶರಣ ಶುರು ಮಾಡಿದೆ. ಕೂತೇ ಶುರು ಮಾಡಿದ್ದೆ. ಎರಡನೆಯ ಸಾಲಿನಲ್ಲಿ ಕಾಲು ತಡೆಯಲಿಲ್ಲ, ಎದ್ದೆ. ಹೊರಸಿನಿಂದ ಬಾಗಿಲಿಗೆ ನಡೆಯುತ್ತ ಹೇಳತೊಡಗಿದೆ. ಹೆಂಗಸರು ಯಾರೂ ತಲೆ ಎತ್ತಿ ನೋಡಲಿಲ್ಲ. ಅಷ್ಟರಲ್ಲಿ ಜೋಳದ ಡಬ್ಬಿಯೊಳಗಿಂದ ಫೋನು. ನಿಂತಿತು. ಮತ್ತೆ ಹೊಡೆದುಕೊಂಡಿತು. ಅವ್ವ ಎದ್ದು ಹೋಗಿ, ಡಬ್ಬಿಯ ಮುಚ್ಚಳ ತೆಗೆದು, ಕಾಳಿನ ನಡುವಿಂದ ಅದನ್ನು ಎತ್ತಿ ಕಿವಿಗಿಟ್ಟುಕೊಂಡಳು. ಕಾಲೇಜಿನಿಂದ ಯಾವುದೋ ಪಟ್ಟಿ ಬೇಕಂತೆ, ಈಗಲೇ ಬೇಕಂತೆ.

ನಾನು ಬಾಗಿಲ ಹತ್ತಿರ ಇದ್ದೆ, ತಿರುಗಿ ಹೊರಸಿನ ಕಡೆ ನಡೆಯುತ್ತಿದ್ದೆ. ಅವ್ವ ನನ್ನನ್ನು ನೋಡುತ್ತಲೇ, ದನಿಯಲ್ಲಿ ಸ್ವಲ್ಪವೂ ಅಳುಕಿಲ್ಲದೆ ಹೇಳಿದಳು.

"ಪೂಜಿಗಿ ಕುಂತಾಳ್ರೀ. ಆಮ್ಯಾಲ ಮಾಡ್ರಿ."